ಹಸಿ ಮಾಂಸದ ವಾದ, ಉಬ್ಬುವ ಹೊಟ್ಟೆ

ಕೊಕ್ಕಡದ ಕಡೆಯ ತೋಟದ ಮನೆಗಳಲ್ಲಿ ನಾಯಿಗೆ ಬೇರೆ ಅಡುಗೆಯೆಂಬುದು ಇರಲಿಲ್ಲ. ಕುಚ್ಚಲಕ್ಕಿ ಅನ್ನಕ್ಕೆ ಮೀನುಸಾರು ಕಲಸಿ ಹಾಕಿದರೆ ಮುಗಿಯಿತು. ಜರ್ಮನ್ ಶೆಫರ್ಡ್, ಡಾಬರ್‌ಮನ್‌ಗಳು ಅಂಗಳಕ್ಕೆ ಬಂದ ಮೇಲೆ ಮೊಬೈಲಿನ ಉಪದೇಶವೂ ಬಂತು: ಬೇಯಿಸಿದ್ದು ಬೇಡ, ಹಸಿ ಮಾಂಸ ಹಸಿ ಎಲುಬು ಹಾಕಿ, ಹೊಟ್ಟೆಯುಬ್ಬರ ಹತ್ತಿರ ಸುಳಿಯದು. ಕೋಳಿ ಅಂಗಡಿಯಲ್ಲಿ ತಲೆ, ಕಾಲು ಅಗ್ಗಕ್ಕೆ ಸಿಗುವಾಗ ಉಪದೇಶ ನಾಟುವುದೂ ಬೇಗ.

ಈ ವಾದಕ್ಕೆ ಹೆಸರು ತಂದವರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. ಅವರ ‘ಗಿವ್ ಯುವರ್ ಡಾಗ್ ಎ ಬೋನ್’ ಬಂದದ್ದು 1993ರಲ್ಲಿ. ನಾಯಿ ತೋಳದ ಕುಲದ್ದು, ಕಾಳು ಅದರ ಆಹಾರವಲ್ಲ ಎಂಬುದು ತಿರುಳು. ಆದರೆ 2013ರಲ್ಲಿ ‘ನೇಚರ್’ ಪತ್ರಿಕೆ ಪ್ರಕಟಿಸಿದ ಸಂಶೋಧನೆ, ಪಿಷ್ಟ ಅರಗಿಸುವ ಜೀನ್‌ನ ಪ್ರತಿಗಳು ತೋಳಕ್ಕಿಂತ ನಾಯಿಯಲ್ಲಿ ಬಹಳ ಹೆಚ್ಚೆಂದು ತೋರಿಸಿತು. ಜೋಳ, ಹಾಲು ಉಂಡು ಮೊಲ ಅಟ್ಟುವ ಮುಧೋಳ ನಾಯಿಯನ್ನು ಸಾಕಿದವರಿಗೆ ಇದನ್ನು ಪ್ರಯೋಗಾಲಯ ಹೇಳಬೇಕಿರಲಿಲ್ಲ.

ಉಬ್ಬರದ ವಿಷಯವೇ ಬೇರೆ. ಆಳವಾದ ಎದೆಗೂಡಿನ ದೊಡ್ಡ ತಳಿಗಳಲ್ಲಿ ಜಠರ ಗಾಳಿ ತುಂಬಿ ಹಿಗ್ಗಿ, ಕೆಲವೊಮ್ಮೆ ತನ್ನ ಸುತ್ತ ತಾನೇ ತಿರುಚಿಕೊಳ್ಳುತ್ತದೆ. ರಕ್ತದ ಹರಿವು ಕಟ್ಟಿ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಲಾರಿ ಗ್ಲಿಕ್‌ಮನ್ ತಂಡ 11 ತಳಿಗಳ 1,637 ನಾಯಿಗಳನ್ನು ಗಮನಿಸಿ 2000ದಲ್ಲಿ ಹೇಳಿದ್ದು: ಅಪಾಯ ಹೆಚ್ಚಿಸುವುದು ವಯಸ್ಸು, ಗಬಗಬ ತಿನ್ನುವ ಚಾಳಿ, ಒಡಹುಟ್ಟಿದವಕ್ಕೋ ಹೆತ್ತವಕ್ಕೋ ಈ ಕಾಯಿಲೆ ಬಂದಿರುವುದು, ಮತ್ತು ಎತ್ತರದ ಸ್ಟ್ಯಾಂಡಿನ ಮೇಲಿಟ್ಟ ಬಟ್ಟಲು. ಈ ಕೊನೆಯದನ್ನು ಅಲ್ಲಿಯವರೆಗೆ ಮದ್ದೆಂದೇ ಮಾರುತ್ತಿದ್ದರು!

ಚೀಲದಲ್ಲಿ ಸಿಗುವ ಒಣ ಆಹಾರದ ಮೇಲೆ ಹಸಿ ಮಾಂಸದ ಪಕ್ಷದವರು ಹೇಳುವ ದೂರು ಪೂರ್ತಿ ಸುಳ್ಳಲ್ಲ. 2006ರ ಇನ್ನೊಂದು ಅಧ್ಯಯನದಲ್ಲಿ, ಚೀಲದ ಮೇಲಿನ ಮೊದಲ ನಾಲ್ಕು ಪದಾರ್ಥಗಳಲ್ಲಿ ಎಣ್ಣೆ ಅಥವಾ ಕೊಬ್ಬು ಇದ್ದರೆ ಅಪಾಯ ಎರಡು ಪಟ್ಟಿಗೂ ಮಿಕ್ಕಿತು. ಧಾನ್ಯ, ಸೋಯಾ ಹೆಚ್ಚಿದ್ದರಿಂದ ವ್ಯತ್ಯಾಸ ಕಾಣಲಿಲ್ಲ. ಹಸಿಪಕ್ಷದವರು ಬೈಯುವುದು ಧಾನ್ಯವನ್ನು, ಸಿಕ್ಕಿಬಿದ್ದದ್ದು ಕೊಬ್ಬು. ಕರಾವಳಿಗೆ ಹಿತವೆನಿಸುವ ಮಾತೂ ಒಂದಿದೆ: 2012ರ ಸಮೀಕ್ಷೆಯಲ್ಲಿ ಮೀನು, ಮೊಟ್ಟೆ ತಿನ್ನುವ ನಾಯಿಗಳಲ್ಲಿ ಉಬ್ಬರ ಕಡಿಮೆ ಕಂಡಿತು. ಆದರೆ ಅದು ಸಾಕಿದವರನ್ನು ಕೇಳಿ ಬರೆದುಕೊಂಡ ಲೆಕ್ಕ, ಪ್ರಯೋಗವಲ್ಲ.

ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣು ಇರಬಹುದು. ಫ್ರೀಜರ್ ಅದನ್ನು ಕೊಲ್ಲುವುದಿಲ್ಲ, ಮಳೆಗಾಲದಲ್ಲಿ ಕರೆಂಟು ಹೋದರೆ ಬೆಳೆಸುತ್ತದೆ. ಬಟ್ಟಲು ತೊಳೆಯುವ ಕೈಗೂ ಆ ಅಪಾಯ ಉಂಟು. ಅಮೆರಿಕದ ಪಶುವೈದ್ಯರ ಸಂಘ 2012ರಿಂದಲೂ ಹಸಿ ಮಾಂಸ ಬೇಡವೆನ್ನುತ್ತಿದೆ. ನುಂಗಿದ ಎಲುಬು ಜಠರದಲ್ಲೇ ಉಳಿದರಂತೂ ಉಬ್ಬರ ತಪ್ಪಿಸಲು ಹಾಕಿದ್ದೇ ತೊಂದರೆ ತಂದೀತು.

ಹಸಿಯೋ ಬೆಂದದ್ದೋ ಎಂಬ ಜಗಳದಲ್ಲಿ ಮರೆಯಾಗುವುದು ದಾರಿಯ ದೂರ. ಹೊಟ್ಟೆ ತಮಟೆಯಂತೆ ಬಿಗಿದು, ವಾಂತಿಗೆ ಹವಣಿಸಿಯೂ ಏನೂ ಬಾರದೆ ನಾಯಿ ಒದ್ದಾಡಿದರೆ ತುರ್ತು ಶಸ್ತ್ರಚಿಕಿತ್ಸೆಯೇ ಬೇಕು. ಕೊಕ್ಕಡದಿಂದ ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡ್ ದಾಟಿ ಮಂಗಳೂರು ಮುಟ್ಟುವಷ್ಟರಲ್ಲಿ ಎಷ್ಟು ಹೊತ್ತಾದೀತೆಂದು ಈ ಭಾಗದವರಿಗೆ ಗೊತ್ತು. ಗ್ರೇಟ್ ಡೇನ್, ಶೆಫರ್ಡ್ ಸಾಕುವವರು ಊಟವನ್ನು ಎರಡು ಮೂರು ಹೊತ್ತಿಗೆ ಹಂಚಿ, ಬಟ್ಟಲನ್ನು ನೆಲಕ್ಕಿಳಿಸಬಹುದು. ಸಂತಾನಹರಣಕ್ಕೆ ಅರಿವಳಿಕೆ ಕೊಡುವ ದಿನವೇ ಜಠರವನ್ನು ಪಕ್ಕೆಯ ಒಳಗೋಡೆಗೆ ಹೊಲಿಸುವ ಬಗ್ಗೆಯೂ ಪಶುವೈದ್ಯರನ್ನು ಕೇಳಬಹುದು. ಆ ಹೊಲಿಗೆ ಉಬ್ಬರವನ್ನು ಪೂರ್ತಿ ತಡೆಯದಿದ್ದರೂ ಜಠರ ತಿರುಚಿಕೊಳ್ಳುವುದನ್ನು ಬಹುಮಟ್ಟಿಗೆ ತಡೆಯುತ್ತದೆ.