ಒಂಟಿ ಕಾಲಿನ ಮೇಜು

ನಮ್ಮ ವಾಚನಾಲಯಕ್ಕೆ ಬಂದ ಚಿತ್ರದ ಪುಸ್ತಕವೊಂದರಲ್ಲಿ ಊಟದ ಮೇಜೊಂದನ್ನು ನೋಡಿದೆ. ಮೇಲೆ ಗುಂಡನೆಯ ಅಮೃತಶಿಲೆ, ನಾವು ಮಾರ್ಬಲ್ ಅಂತೀವಲ್ಲ ಅದು. ಕೆಳಗೆ ಒಂದೇ ಕಾಲು. ನನಗೆ ಇಂಗ್ಲಿಷ್ ಬರೂದಿಲ್ಲ, ಸಾಲಿ ಗುರುಗಳು ಓದಿ ಹೇಳಿದರು.

ಇದನ್ನು ಮಾಡಿದಾತ ಏರೋ ಸಾರಿನೆನ್. 1910ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿ, ಹುಡುಗನಿದ್ದಾಗಲೇ ಅಮೆರಿಕಕ್ಕೆ ಹೋದವ. ಮೇಜು ಕುರ್ಚಿಗಳ ಕೆಳಗೆ ಬರೇ ಕಾಲು ತುಂಬಿ ಝೋಪಡಪಟ್ಟಿ ಆಗೇತಿ, ಅದನ್ನು ಹಸನ ಮಾಡಬೇಕು ಅನ್ನೂದು ಅವನ ಹಟ. 1957ರ ಹೊತ್ತಿಗೆ ನೋಲ್ ಕಂಪನಿ ಈ ಒಂಟಿ ಕಾಲಿನ ಸಾಮಾನುಗಳನ್ನು ಹೊರತಂದಿತು.

ಗುಡಿಯೊಳಗಿನ ಸಮಯಿ ನೋಡಿದವರಿಗೆ ಈ ಆಕಾರ ಹೊಸದಲ್ಲ. ಬುಡ ಅಗಲ, ನಡ ಸಣ್ಣ, ಮೇಲೆ ಮತ್ತೆ ಅರಳಿದ್ದು. ಕಲ್ಲಿನ ಅಂಚನ್ನು ಕೆಳಗಿನಿಂದ ಓರೆಯಾಗಿ ಸವರ್‍ಯಾರ, ಅದಕ್ಕ ದಪ್ಪ ಕಲ್ಲು ರೊಟ್ಟಿಯಂಗ ತೆಳ್ಳಗ ಕಾಣತೈತಿ. ಇದು ನನಗೆ ಭಾಳ ಸೇರಿತು. ಗುಂಡು ಮೇಜಿಗೆ ಹಿರೇ ಜಾಗ, ಕಿರೇ ಜಾಗ ಇಲ್ಲ. ಮೂಲೆಯ ಕಾಲು ಅಡ್ಡ ಬರೂದಿಲ್ಲ. ಒಬ್ಬರು ಹೆಚ್ಚಿಗೆ ಬಂದರೂ ಸರಿದು ಕೂಡಬಹುದು.

ಆದರೆ ಇದರ ಜೋಡಿಯ ಕುರ್ಚಿಯ ಸಂಗತಿ ನನ್ನನ್ನು ಕಾಡಿತು. ಅದನ್ನು ಬುಡದಿಂದ ತುದಿತನಕ ಒಂದೇ ವಸ್ತುವಿನಿಂದ ಮಾಡಬೇಕಂತ ಅವನ ಆಸೆ. ಆಗಿನ ಪ್ಲಾಸ್ಟಿಕ್ಕಿಗೆ ಅಷ್ಟು ಸಣ್ಣ ಕಾಲಿನ ಮೇಲೆ ಮನುಷ್ಯನ ಭಾರ ಹೊರುವ ತಾಕತ್ತಿರಲಿಲ್ಲ. ಕೂಡುವ ಭಾಗ ಫೈಬರ್‌ಗ್ಲಾಸ್, ಕಾಲು ಅಲ್ಯುಮಿನಿಯಂ, ಎರಡಕ್ಕೂ ಒಂದೇ ಬಿಳಿ ಬಣ್ಣ. ಇದು ಮೋಸ ಅಂದೆ ಗುರುಗಳಿಗೆ. ರಾತ್ರಿ ಭಜನಿಗೆ ಕೂತಾಗ ನನ್ನ ಮಾತು ನನಗೇ ತಿರುಗಿತು. ಎಳೆದು ಹಾಡುವಾಗ ನನ್ನ ಉಸಿರು ಮುಗಿದಲ್ಲಿ ಹಿಮ್ಮೇಳದವ ಸೊಲ್ಲು ಹಿಡೀತಾನ, ಕೇಳುವವರಿಗೆ ಒಂದೇ ದನಿ. ನಲವತ್ತು ವರ್ಷ ಹಾಡಿದ್ದೀನಿ, ಅದನ್ನು ಎಂದೂ ಮೋಸ ಅಂದಿಲ್ಲ. ಸಾರಿನೆನ್‌ಗೆ ಮಾತ್ರ ಸಮಾಧಾನ ಆಗಲಿಲ್ಲ. ಒಂದೇ ವಸ್ತುವಿನ ಕುರ್ಚಿ ಮುಂದೊಂದು ದಿನ ಆದೀತು ಅಂತ ಆಸೆ ಇಟ್ಟುಕೊಂಡಿದ್ದ. 1961ರಲ್ಲಿ ತೀರಿಕೊಂಡ.

ನನ್ನ ತಕರಾರು ಮೇಜಿನ ಕಲ್ಲಿನ ಮೇಲೆ. ಅಮೃತಶಿಲೆ ಸುಣ್ಣಗಲ್ಲಿನ ಜಾತಿ. ಲಿಂಬಿ ರಸ, ಹುಣಸಿ ಹುಳಿ ಬಿದ್ದರೆ ಅದರ ಹೊಳಪು ಹೋಗತೈತಿ. ಲೇಪ ಹಚ್ಚಿ ಕಾಯ್ತಾರ, ಖರೆ. ಆದರೂ ಊಟಕ್ಕಂತ ಮಾಡಿದ ಮೇಜಿನ ಮ್ಯಾಲ ಸಾರು ಚೆಲ್ಲೀತು ಅಂತ ಅಂಜುತ್ತ ಉಣ್ಣೂದು ಎಂಥಾ ಊಟ? ಅದೇ ಕಾಲಿನ ಮೇಲೆ ಸನ್ಮೈಕಾದಂಥ ಹಲಗೆ ಕೂಡಿಸಿದ ಮೇಜೂ ಮಾಡ್ಯಾರ. ನನ್ನ ಕೇಳಿದರೆ ಅದನ್ನೇ ತರ್ರಿ ಅಂತೀನಿ.