ರಿಕ್ಷಾದವರ ಕಾಸು, ಬ್ಯಾಂಕಿನವರ ಹೆಸರು

ವಿಶ್ವವಿದ್ಯಾಲಯವೊಂದು ತನ್ನ ಚರಿತ್ರೆಯನ್ನು ತಾನೇ ಬರೆದುಕೊಂಡಾಗ ಅದನ್ನು ಶಾನುಭೋಗ ಬರೆದ ಪಹಣಿ ಓದುವ ಹಾಗೆ ಓದಬೇಕು. ಯಾರ ಹೆಸರು ಏರಿದೆ ಅನ್ನುವುದಕ್ಕಿಂತ ಯಾರ ಹೆಸರು ಬಿಟ್ಟುಹೋಗಿದೆ ಅನ್ನುವುದನ್ನು ಮೊದಲು ನೋಡಬೇಕು. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಕತೆಯನ್ನು ನಾವು ಹೀಗೆ ಓದಹೊರಟಿದ್ದೇವೆ. ಅಲ್ಲಿನ ಎಂ.ಬಿ.ಎ. ಪದವಿಗೆ ನಮ್ಮ ದೇಶದ ಹುಡುಗರೂ ವರ್ಷವರ್ಷ ಹೋಗುತ್ತಿದ್ದಾರೆ. ದೂರದೂರಿನ ಸುದ್ದಿ ನಮಗ್ಯಾಕೆ ಅನ್ನುವಂತಿಲ್ಲ.

ಈ ವಿಶ್ವವಿದ್ಯಾಲಯ ತನ್ನ ವಯಸ್ಸನ್ನು 1905ರಿಂದ ಎಣಿಸುತ್ತದೆ. 2005ರಲ್ಲಿ ನೂರು ತುಂಬಿದ ಹಬ್ಬವನ್ನೂ ಮಾಡಿತು. 1905ರಲ್ಲಿ ಹುಟ್ಟಿದ್ದು ಬ್ರಿಟಿಷ್ ಸರ್ಕಾರದ ವೈದ್ಯಕೀಯ ಶಾಲೆ. ಟಾನ್ ಜಿಯಾಕ್ ಕಿಮ್ ಎಂಬ ವರ್ತಕ ಮುಂದೆ ನಿಂತು ಅನುಕೂಲಸ್ಥರಿಂದ 87,000 ಡಾಲರಿಗೂ ಮಿಕ್ಕಿ ಕೂಡಿಸಿಕೊಟ್ಟ. ಸಿಪಾಯಿ ಲೈನ್ಸ್ ಎಂಬಲ್ಲಿ ಹೆಂಗಸರ ಹಳೇ ಹುಚ್ಚಾಸ್ಪತ್ರೆಯ ಕಟ್ಟಡದಲ್ಲಿ ಪಾಠ ಶುರುವಾಯಿತು. (ಆ ಜಾಗದ ಹೆಸರು ಅಲ್ಲಿ ಬೀಡುಬಿಟ್ಟಿದ್ದ ನಮ್ಮ ಸಿಪಾಯಿಗಳಿಂದ ಬಂದದ್ದು. ದೊರೆಗಳ ಕಾವಲಿಗೆ ಹೋದವರ ಗುರುತು ಅಷ್ಟು ಉಳಿದಿದೆ.) 1928ರಲ್ಲಿ ರಾಫಲ್ಸ್ ಕಾಲೇಜು, 1949ರಲ್ಲಿ ಎರಡೂ ಕೂಡಿ ಮಲಯ ವಿಶ್ವವಿದ್ಯಾಲಯ, 1962ರಲ್ಲಿ ಸಿಂಗಪುರ ವಿಶ್ವವಿದ್ಯಾಲಯ, 1980ರಲ್ಲಿ ‘ರಾಷ್ಟ್ರೀಯ’. ಎಲ್ಲಾ ಒಂದೇ ಹೊಳೆಯ ಹರಿವಿನ ಹಾಗೆ ಕಾಣುತ್ತದೆ. ಆದರೆ 1980ರಲ್ಲಿ ಇನ್ನೊಂದು ಹೊಳೆ ಬಂದು ಇದರಲ್ಲಿ ಸೇರಿತು. ಆ ಹೊಳೆಯ ಹುಟ್ಟಿನ ವರ್ಷ ಹಬ್ಬದ ಲೆಕ್ಕಕ್ಕೆ ಬರಲಿಲ್ಲ.

ಅದರ ಹೆಸರು ನಾನ್‌ಯಾಂಗ್ ವಿಶ್ವವಿದ್ಯಾಲಯ. ಜನ ನಾನ್‌ತಾ ಅಂತ ಕರೆದರು. 1949ರಲ್ಲಿ ಚೀನಾದಲ್ಲಿ ಕಮ್ಯುನಿಸ್ಟರು ಅಧಿಕಾರಕ್ಕೆ ಬಂದ ಮೇಲೆ, ಓದಲು ಅಲ್ಲಿಗೆ ಹೋದ ಮಕ್ಕಳನ್ನು ಬ್ರಿಟಿಷರು ತಿರುಗಿ ಒಳಗೆ ಬಿಟ್ಟುಕೊಳ್ಳಲು ಒಲ್ಲೆ ಅಂದರು. ಇಲ್ಲೇ ಇದ್ದ ಮಲಯ ವಿಶ್ವವಿದ್ಯಾಲಯದ್ದೋ ಇಂಗ್ಲಿಷ್ ಬಾಗಿಲು. ಚೀನೀ ಶಾಲೆಯಲ್ಲಿ ಓದಿದ ಹುಡುಗ ಹೈಸ್ಕೂಲು ಮುಗಿಸಿ ಎಲ್ಲಿಗೆ ಹೋಗಬೇಕು? 1953ರಲ್ಲಿ ಟಾನ್ ಲಾರ್ಕ್ ಸೈ ಎಂಬ ರಬ್ಬರ್ ಸಾಹುಕಾರ, ತಾನು ಹೆಚ್ಚು ಶಾಲೆ ಕಾಣದವನು, ನಾವೇ ಕಟ್ಟೋಣ ಅಂದ. 50 ಲಕ್ಷ ಡಾಲರ್ ಕೊಟ್ಟ. ಹೊಕ್ಕಿಯೆನ್ ಸಂಘದವರು ಜುರೊಂಗಿನಲ್ಲಿ 500 ಎಕರೆಗೂ ಮೀರಿ ನೆಲ ಕೊಟ್ಟರು.

ನಮಗೆ ದೊಡ್ಡದಾಗಿ ಕಾಣುವುದು ಇದಲ್ಲ. 1954ರಲ್ಲಿ ಸಿಂಗಪುರದ ಸೈಕಲ್ ರಿಕ್ಷಾ ತುಳಿಯುವವರು, 1,500ಕ್ಕೂ ಹೆಚ್ಚು ಜನ, ಒಂದು ದಿನದ ದುಡಿಮೆಯನ್ನು ಹಾಗೇ ತಂದು ಸುರಿದರು. ಬೀದಿ ಬದಿ ಮಾರುವವರು, ಟ್ಯಾಕ್ಸಿ ಓಡಿಸುವವರು ಕೊಟ್ಟರು. ಕ್ಯಾಬರೆಗಳಲ್ಲಿ ಗಿರಾಕಿಗಳ ಜತೆ ಕುಣಿದು ಹೊಟ್ಟೆ ಹೊರೆಯುತ್ತಿದ್ದ ಹೆಣ್ಣುಮಕ್ಕಳೂ ತಮ್ಮ ಕುಣಿತದ ದುಡ್ಡು ಕೊಟ್ಟರು. ತಾವು ಎಂದೂ ಹತ್ತದ ಮೆಟ್ಟಿಲಿಗೆ ಕಲ್ಲು ಹೊತ್ತವರು ಇವರು. ಮನೆಗೆ ಮೊದಲ ಪದವೀಧರರಾದ ನಮ್ಮಂಥವರಿಗೆ ಈ ಲೆಕ್ಕ ಯಾರೂ ಬಿಡಿಸಿ ಹೇಳಬೇಕಿಲ್ಲ.

1956ರಲ್ಲಿ ತರಗತಿಗಳು ಶುರುವಾದವು. ಆಮೇಲಿನದು ಸಣ್ಣ ಸಣ್ಣ ಕತ್ತರಿಗಳ ಕತೆ. 1968ರವರೆಗೆ ಸರ್ಕಾರ ಇವರ ಪದವಿಗೆ ಮಾನ್ಯತೆಯನ್ನೇ ಕೊಡಲಿಲ್ಲ. 1963ರ ಚುನಾವಣೆ ಮುಗಿದ ಕೂಡಲೇ, ಎಡಪಂಥದ ಅಭ್ಯರ್ಥಿಗಳ ಪರ ನಿಂತ ಎಂದು ಟಾನ್ ಲಾರ್ಕ್ ಸೈನ ಪೌರತ್ವ ಕಿತ್ತುಕೊಳ್ಳಲು ಹೊರಟರು, ಕಿತ್ತುಕೊಂಡರು. 1964ರಲ್ಲಿ ಪೊಲೀಸರು ಒಳನುಗ್ಗಿ ವಿದ್ಯಾರ್ಥಿಗಳನ್ನು ಹಿಡಿದೊಯ್ದರು. 1975ರಲ್ಲಿ ಪಾಠದ ಭಾಷೆಯೇ ಇಂಗ್ಲಿಷಾಯಿತು. 1980ರಲ್ಲಿ ಬ್ರಿಟನ್ನಿನಿಂದ ಬಂದ ಡೇಂಟನ್ ಎಂಬ ಪಂಡಿತ ಒಂದು ದೇಶಕ್ಕೆ ಒಂದೇ ಗಟ್ಟಿ ವಿಶ್ವವಿದ್ಯಾಲಯ ಸಾಕು ಎಂದು ವರದಿ ಬರೆದ. ಪ್ರಧಾನಿ ಲೀ ಕುವಾನ್ ಯೂ ವಿಲೀನ ಮಾಡಿಸಿದರು.

ಇಲ್ಲಿ ನಾವು ಕಣ್ಣೀರು ಸುರಿಸಿ ಸುಮ್ಮನಾದರೆ ಅದೂ ಸುಳ್ಳೇ. ಲೀ ಹೇಳಿದ್ದರಲ್ಲಿ ಹುರುಳಿತ್ತು. ಇಂಗ್ಲಿಷಿಲ್ಲದ ಪದವಿಗೆ ಒಳ್ಳೆ ಕೆಲಸ ಸಿಗುತ್ತಿರಲಿಲ್ಲ, ಅಪ್ಪ ಅಮ್ಮಂದಿರೇ ಮಕ್ಕಳನ್ನು ಚೀನೀ ಶಾಲೆ ಬಿಡಿಸಿ ಇಂಗ್ಲಿಷ್ ಶಾಲೆಗೆ ಹಾಕುತ್ತಿದ್ದರು. ಅವರನ್ನು ಭಾಷಾದ್ರೋಹಿಗಳು ಅನ್ನುವ ಧೈರ್ಯ ನಮಗಿಲ್ಲ. ನಮ್ಮ ಕೇರಿಯ ತಾಯಿ ಇಂಗ್ಲಿಷ್ ಕಾನ್ವೆಂಟಿನ ಗೇಟಿನ ಮುಂದೆ ಯಾಕೆ ನಿಲ್ಲುತ್ತಾಳೆ ಅಂತ ನಮಗೆ ಗೊತ್ತು. ನಾನ್‌ತಾ ಕೂಡ ಎಲ್ಲರ ಮನೆಯಾಗಿರಲಿಲ್ಲ. ಚೀನೀ ಬಾರದ ತಮಿಳು ಕೂಲಿಯ ಮಗನಿಗೆ ಅದರ ಹೊಸ್ತಿಲೂ ಇಂಗ್ಲಿಷ್ ಕಾಲೇಜಿನ ಹೊಸ್ತಿಲಿನಷ್ಟೇ ಎತ್ತರ. ಆದರೆ ಪದವಿಗೆ ಬೆಲೆಯಿಲ್ಲ ಅಂದವರೇ ಹನ್ನೆರಡು ವರ್ಷ ಅದಕ್ಕೆ ಬೆಲೆ ಬಾರದಂತೆ ನೋಡಿಕೊಂಡಿದ್ದರಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಾಕೋಣ?

ಈಗ ಎಂ.ಬಿ.ಎ.ಗೆ ಬರೋಣ. ರಾಷ್ಟ್ರೀಯ ವಿಶ್ವವಿದ್ಯಾಲಯದ ಬಿಸಿನೆಸ್ ಸ್ಕೂಲು ತನ್ನ ಹುಟ್ಟನ್ನು 1965ಕ್ಕೆ, ದೇಶ ಸ್ವತಂತ್ರವಾದ ವರ್ಷಕ್ಕೆ ಇಟ್ಟುಕೊಂಡಿದೆ. ಅಷ್ಟು ಹೊತ್ತಿಗೆ ಜುರೊಂಗಿನ ಬಯಲಲ್ಲಿ ರಿಕ್ಷಾದವರ ಕಾಸಿನಿಂದ ಎದ್ದ ಕಟ್ಟಡಗಳಲ್ಲಿ ಚೀನೀ ಭಾಷೆಯಲ್ಲೇ ವಾಣಿಜ್ಯದ ಪಾಠ ಆಗಲೇ ನಡೆದಿತ್ತು. ಇಲ್ಲೂ ಅದೇ ಪಹಣಿ.

ಇವತ್ತು ಎಂ.ಬಿ.ಎ. ಸೇರಬೇಕಾದರೆ ಪದವಿ ಆದ ಮೇಲೆ ಎರಡು ವರ್ಷವಾದರೂ ಕೆಲಸ ಮಾಡಿರಬೇಕು, ಜಿಮ್ಯಾಟ್ ಅಥವಾ ಜಿ.ಆರ್.ಇ. ಬರೆಯಬೇಕು. ಫೀಜು ನಮ್ಮ ದುಡ್ಡಿನಲ್ಲಿ ಹತ್ತಾರು ಲಕ್ಷ. ಇಂಥ ಶಾಲೆಗಳು ಎದೆಗೆ ತಗುಲಿಸಿಕೊಳ್ಳುವ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಯ ದರ್ಜೆಪಟ್ಟಿಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಕ ಯಾವುದಕ್ಕೆ ಗೊತ್ತೆ? ಓದು ಮುಗಿದು ಮೂರು ವರ್ಷದ ಮೇಲೆ ಹಳೆಯ ವಿದ್ಯಾರ್ಥಿಯ ಸಂಬಳ ಎಷ್ಟು, ಓದುವ ಮುಂಚಿನದಕ್ಕಿಂತ ಎಷ್ಟು ಏರಿತು ಎಂಬುದಕ್ಕೆ. ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸುವವನಾದರೂ ಎತ್ತನ್ನು ಮುಟ್ಟಿ ನೋಡುತ್ತಾನೆ. ವ್ಯಾಪಾರದ ವಿದ್ಯೆ ಕೆಟ್ಟದ್ದು ಅಂತ ನಾವು ಅನ್ನುತ್ತಿಲ್ಲ. ಲೆಕ್ಕ ಬಾರದ್ದಕ್ಕೇ ನಮ್ಮ ಅಜ್ಜಂದಿರು ಬಡ್ಡಿಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದರು. ನಮ್ಮವರು ಅದನ್ನು ಕಲಿಯಲೇಬೇಕು. ಕಲಿಸುವವರು ಮಾತ್ರ ತಮ್ಮ ಲೆಕ್ಕದ ಪುಸ್ತಕವನ್ನೂ ತೆರೆದಿಡಬೇಕು.

ಅದನ್ನು ತೆರೆದರೆ ಒಂದು ತಮಾಷೆ ಸಿಗುತ್ತದೆ. ಚೀನೀ ಭಾಷೆಯ ವಿಶ್ವವಿದ್ಯಾಲಯವನ್ನು 1980ರಲ್ಲಿ ನುಂಗಿದ ಈ ಸಂಸ್ಥೆಯೇ, ಇಪ್ಪತ್ತು ವರ್ಷ ತುಂಬುವ ಮುಂಚೆ, ಚೀನೀ ಭಾಷೆಯಲ್ಲಿ ಒಂದು ಎಂ.ಬಿ.ಎ. ಶುರುಮಾಡಿತು. ಯಾರಿಗೆ? ಕಂಪನಿಗಳ ಮೇಲಧಿಕಾರಿಗಳಿಗೆ. ಅಷ್ಟರಲ್ಲಿ ಚೀನಾ ತನ್ನ ಮಾರುಕಟ್ಟೆಯ ಬಾಗಿಲು ತೆರೆದಿತ್ತು. ರಿಕ್ಷಾದವನ ಮಗನ ಬಾಯಲ್ಲಿದ್ದಾಗ ಆ ಭಾಷೆ ಗಲಭೆಯ ಭಾಷೆ, ಕೆಲಸಕ್ಕೆ ಬಾರದ ಭಾಷೆ. ಕಂಪನಿಯ ಯಜಮಾನನ ಬಾಯಿಗೆ ಬಂದಾಗ ಅದಕ್ಕೇ ಫೀಜು! ಭಾಷೆ ಸತ್ತಿರಲಿಲ್ಲ. ಆಡುವವರು ಬದಲಾಗುವುದನ್ನು ಕಾಯುತ್ತಾ ಬಾಗಿಲ ಹೊರಗೆ ನಿಲ್ಲಿಸಲಾಗಿತ್ತು ಅಷ್ಟೆ.

ಬಿಸಿನೆಸ್ ಸ್ಕೂಲಿನ ಕಟ್ಟಡಕ್ಕೆ ಇಂಡೋನೇಷ್ಯಾದ ಬ್ಯಾಂಕರ್ ಮೊಖ್ತಾರ್ ರಿಯಾದಿಯ ಹೆಸರಿದೆ. ಕೊಟ್ಟವನ ಹೆಸರು ಹಾಕುವುದು ತಪ್ಪಲ್ಲ, ಹಾಕಲಿ. ಆದರೆ 1954ರ ಆ ಒಂದು ದಿನದ ಬೆವರಿನ ಲೆಕ್ಕಕ್ಕೆ ಅಲ್ಲಿ ಯಾವ ಗೋಡೆ?

ಜುರೊಂಗಿನ ಆ ನೆಲದಲ್ಲಿ 1981ರಲ್ಲಿ ತಾಂತ್ರಿಕ ಸಂಸ್ಥೆ ಬಂತು, 1991ರಲ್ಲಿ ಅದೂ ವಿಶ್ವವಿದ್ಯಾಲಯವಾಯಿತು. ಹಳೆಯ ಪದವೀಧರರ ಪಟ್ಟಿಯನ್ನು 1996ರಲ್ಲಿ ಅದಕ್ಕೆ ದಾಟಿಸಿದರು. ನಾನ್‌ತಾದ ಮೊದಲ ಹೆಬ್ಬಾಗಿಲನ್ನು 1998ರಲ್ಲಿ ರಾಷ್ಟ್ರೀಯ ಸ್ಮಾರಕ ಎಂದು ಸಾರಿದರು. ಅದು ಈಗ ಕ್ಯಾಂಪಸ್ಸಿನ ಒಳಗಿಲ್ಲ. ಸರ್ಕಾರಿ ವಸತಿ ಕಟ್ಟಡಗಳ ನಡುವೆ ಒಂಟಿಯಾಗಿ ನಿಂತಿದೆ, ಅದರ ಹಿಂದೆ ಯಾವ ವಿಶ್ವವಿದ್ಯಾಲಯವೂ ಇಲ್ಲ.