ಉತ್ತರ ಮೊದಲೇ ಬರೆದಿಟ್ಟ ಸಂಶೋಧನೆ

ಅಡಿಕೆಯಿಂದ ಕ್ಯಾನ್ಸರ್ ಬರುತ್ತದೆಯೇ? ಶಿಕಾರಿಪುರ, ಸೊರಬ ತಾಲ್ಲೂಕುಗಳ ಅಡಿಕೆ ಬೆಳೆಗಾರರ ಮನೆಗಳಲ್ಲಿ ಈ ಪ್ರಶ್ನೆ ನಿಮ್ಮ ಕಿವಿಗೂ ಬಿದ್ದಿರಬಹುದು. ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ, ಹೊಗೆಸೊಪ್ಪು ಬೆರೆಸದ ಅಡಿಕೆಯನ್ನೂ ಕ್ಯಾನ್ಸರ್‌ಕಾರಕಗಳ ಒಂದನೆಯ ವರ್ಗಕ್ಕೆ ಸೇರಿಸಿತು. ಅಂದಿನಿಂದ ಮಲೆನಾಡಿನಲ್ಲಿ ಮತ್ತೆ ಮತ್ತೆ ಕೇಳಿಬರುವ ಬೇಡಿಕೆಯೆಂದರೆ, ಅಡಿಕೆ ಹಾನಿಕರವಲ್ಲವೆಂದು ಸಂಶೋಧನೆ ಮಾಡಿ ತೋರಿಸಬೇಕು ಎಂಬುದು. ಬೆಳೆಗಾರರ ಆತಂಕ ಸಹಜವೇ. ಆದರೆ ಉತ್ತರವನ್ನು ಮೊದಲೇ ಬರೆದಿಟ್ಟು ಪ್ರಯೋಗಕ್ಕೆ ತೊಡಗುವುದು ವಕಾಲತ್ತು, ಅದು ಸಂಶೋಧನೆಯಲ್ಲ.

ಸಂಶೋಧನೆ ಹೇಗಿರಬೇಕೆಂಬುದಕ್ಕೆ ಉದಾಹರಣೆ ಇದೇ ನೆಲದಲ್ಲಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಜನರಿಗೂ ಜ್ವರ ಬಂದಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಮಂಗ, ಉಣ್ಣೆ, ರೋಗಿಯ ರಕ್ತ ಎಲ್ಲವನ್ನೂ ಪರೀಕ್ಷಿಸಿದರು. ಹೊಸದೊಂದು ವೈರಸ್ಸೂ ಅದನ್ನು ಹರಡುವ ಉಣ್ಣೆಯೂ ಪತ್ತೆಯಾದವು. ಕಾಡಿನ ಹೆಸರೇ ರೋಗದ ಹೆಸರಾಯಿತು. ಆದರೆ ಪತ್ತೆಯ ಕೆಲಸದಲ್ಲಿದ್ದ ಹುರುಪು ಮುಂದೆ ಉಳಿಯಲಿಲ್ಲ. 1990ರಿಂದ ಕೊಡುತ್ತಿದ್ದ ಲಸಿಕೆಯನ್ನು, ಅದರ ಸಾಮರ್ಥ್ಯ ಸಾಲದೆಂದು, 2022ರಲ್ಲಿ ನಿಲ್ಲಿಸಬೇಕಾಯಿತು. ಹೊರಗಿನ ತಜ್ಞರು ಬಂದು ಹೋದರೆ ಸಾಲದು. ಸ್ಥಳೀಯವಾಗಿ ತರಬೇತಿ ಪಡೆದವರು ಉಳಿದು ದುಡಿಯಬೇಕು.

ಅಡಿಕೆಯ ವಿಷಯಕ್ಕೆ ಮರಳೋಣ. ಒಂದನೆಯ ವರ್ಗವೆಂದರೆ ಸಾಕ್ಷ್ಯ ಖಚಿತವಾಗಿದೆ ಎಂದರ್ಥ. ಅಪಾಯ ಎಷ್ಟು ದೊಡ್ಡದು ಎಂಬುದನ್ನು ಅದು ಹೇಳುವುದಿಲ್ಲ. ಆ ‘ಎಷ್ಟು’ ಎಂಬುದನ್ನು ಅಳೆಯುವುದೇ ನಮ್ಮ ವಿಶ್ವವಿದ್ಯಾನಿಲಯಗಳ ಮುಂದಿರುವ ಕೆಲಸ. ‘ಎಲೆ-ಅಡಿಕೆ ಹಾಕುವಿರಾ? ಹೌದು/ಇಲ್ಲ’ ಎಂಬ ಪ್ರಶ್ನಾವಳಿ ಇದಕ್ಕೆ ಉಪಯೋಗವಿಲ್ಲ. ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ, ಕೆಂಪಡಿಕೆಯೋ ಚಾಲಿಯೋ, ಸುಣ್ಣ ಎಷ್ಟು, ಹೊಗೆಸೊಪ್ಪು ಇದೆಯೇ ಎಂದು ಕೇಳಬೇಕು. ವಿಕಿರಣವನ್ನು ಅಳೆಯುವಾಗ ನಾವು ಭೌತವಿಜ್ಞಾನಿಗಳು ಪ್ರಮಾಣವನ್ನೂ ಅವಧಿಯನ್ನೂ ಬಿಟ್ಟು ಮಾತನಾಡುವುದಿಲ್ಲ. ಇಲ್ಲಿಯೂ ಅದೇ ನಿಯಮ.

ಎರಡನೆಯದು ಎಣಿಕೆ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ಕ್ಯಾನ್ಸರ್ ನೋಂದಣಿ ನಡೆದಿದೆ. ಆದರೆ ಜನಸಂಖ್ಯೆ ಆಧರಿಸಿದ ಆ ನೋಂದಣಿ ಬೆಂಗಳೂರಿನ ನಿವಾಸಿಗಳದ್ದು. ಸೊರಬದಿಂದ ಬಸ್ಸು ಹತ್ತಿ ಹೋದ ರೋಗಿ ಆಸ್ಪತ್ರೆಯ ಕಡತದಲ್ಲಿರುತ್ತಾನೆ. ಆ ದರದ ಲೆಕ್ಕಕ್ಕೆ ಸೇರುವುದಿಲ್ಲ. ಎರಡು ತಾಲ್ಲೂಕುಗಳಲ್ಲಿ ಒಟ್ಟು 4 ಲಕ್ಷ ಜನ, ಬಾಯಿ ಕ್ಯಾನ್ಸರ್ ಲಕ್ಷಕ್ಕೆ ವರ್ಷಕ್ಕೆ 10 ಎಂದು ಹಿಡಿಯಿರಿ. ವರ್ಷಕ್ಕೆ 40 ಪ್ರಕರಣಗಳಾದವು. ಕೇವಲ ಆಕಸ್ಮಿಕವಾಗಿಯೇ ಈ ಸಂಖ್ಯೆ 40ರ ವರ್ಗಮೂಲದಷ್ಟು, ಅಂದರೆ ಸುಮಾರು 6ರಷ್ಟು, ಮೇಲೆ ಕೆಳಗೆ ಆಗುತ್ತಿರುತ್ತದೆ. ಹಾಗಾಗಿ ಒಂದು ವರ್ಷದ ಅಂಕಿ ಹಿಡಿದು ‘ನಮ್ಮಲ್ಲಿ ಕಡಿಮೆ’ ಎನ್ನುವವರೂ ‘ಹೆಚ್ಚು’ ಎನ್ನುವವರೂ ಅವಸರಪಡುತ್ತಿದ್ದಾರೆ. ಹತ್ತಾರು ವರ್ಷ ತಾಳ್ಮೆಯಿಂದ ಎಣಿಸಬೇಕು. ಮೂರು ವರ್ಷದಲ್ಲಿ ಪ್ರಬಂಧ ಮುಗಿಸಿ ಪದವಿ ಪಡೆಯುವ ನಮ್ಮ ಪದ್ಧತಿಗೆ ಈ ತಾಳ್ಮೆ ಒಗ್ಗಿಲ್ಲ.

ಜಿಲ್ಲೆಯಲ್ಲಿ ಅನುಕೂಲಗಳೇನೂ ಕಡಿಮೆಯಿಲ್ಲ. ಶಂಕರಘಟ್ಟದಲ್ಲಿ 1987ರಿಂದ ಕುವೆಂಪು ವಿಶ್ವವಿದ್ಯಾನಿಲಯವಿದೆ. ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾನಿಲಯವಿದೆ, ವೈದ್ಯಕೀಯ ಕಾಲೇಜಿದೆ. ರಸಾಯನ ವಿಜ್ಞಾನದವರು ಅಡಿಕೆಯ ಅರೆಕೋಲಿನ್ ಅಂಶ ಅಳೆಯಲಿ. ಬೇಯಿಸಿದಾಗ ಅದು ಎಷ್ಟು ತಗ್ಗುತ್ತದೆಂದು ನೋಡಲಿ. ವೈದ್ಯರು ಬಾಯಿ ಪರೀಕ್ಷಿಸಲಿ. ಸಂಖ್ಯಾಶಾಸ್ತ್ರದವರು ಲೆಕ್ಕ ಹಾಕಲಿ. ಈ ಮೂವರ ಬಳಿಯೂ ಕಲಿತ ವಿದ್ಯಾರ್ಥಿಗಳು ತಯಾರಾಗಬೇಕು.

2022ರಲ್ಲಿ ಜಗತ್ತಿನಲ್ಲಿ ಕಂಡುಬಂದ ಸುಮಾರು 3.9 ಲಕ್ಷ ಬಾಯಿ ಕ್ಯಾನ್ಸರ್ ಪ್ರಕರಣಗಳಲ್ಲಿ 1.2 ಲಕ್ಷದಷ್ಟು ಹೊಗೆರಹಿತ ತಂಬಾಕು ಮತ್ತು ಅಡಿಕೆಯಿಂದ ಬಂದವೆಂದು ಅದೇ ಅಂತಾರಾಷ್ಟ್ರೀಯ ಸಂಸ್ಥೆ ಅಂದಾಜಿಸಿದೆ. ತೋಟದ ಒಡೆಯನೂ ಕೊನೆ ಕೊಯ್ಯುವವನೂ ಅಡಿಕೆ ಸುಲಿಯುವವಳೂ ಎಲೆ-ಅಡಿಕೆ ಹಾಕುವವರೇ. ಬೆಲೆ ಕುಸಿದರೆ ನಷ್ಟ ಇವರಿಗೆ. ಬಾಯಿಯ ಒಳಪೊರೆ ಬಿಗಿದು ತುತ್ತು ಹೋಗದಾದರೆ ಆ ಸಂಕಟವೂ ಇವರದೇ. ಬೆಳೆಗೆ ಬೇರೆ ಉಪಯೋಗ ಹುಡುಕುವುದೋ, ಅಗಿಯುವುದನ್ನು ಬಿಡಿಸುವುದೋ, ಯಾವುದಕ್ಕೂ ಸರಿಯಾದ ಅಳತೆ ಬೇಕು. ಮುಂದೆ ಯಾರಾದರೂ ‘ಸಂಶೋಧನೆ ಮಾಡಿಸಿದ್ದೇವೆ’ ಎಂದಾಗ, ಎಷ್ಟು ಜನರನ್ನು, ಎಷ್ಟು ವರ್ಷ ನೋಡಿದಿರಿ ಎಂದು ನೀವೂ ಕೇಳಿ.